‘ಟಾಪ್ ಡ್ರೆಸ್ಸಿಂಗ್’ಗೆ ‘ಮೇಲುಗೊಬ್ಬರ’ ಸರಿಯೇ?

ಗೆಳೆಯರೇ,

ಗಾಲ್ಫ್ ಅಂಗಳದ ಹುಲ್ಲು ನೋಡಿಕೊಳ್ಳುವ ಕೆಲಸಗಾರರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ಎರಡು ಪದಗಳ ಬಳಿ ಕೆಲಸ ನಿಂತಿದೆ.

ಮೊದಲನೆಯದು ‘ಟಾಪ್ ಡ್ರೆಸ್ಸಿಂಗ್’. ಕೃಷಿ ಬರಹಗಳಲ್ಲಿ ಇದಕ್ಕೆ ‘ಮೇಲುಗೊಬ್ಬರ’ ಎನ್ನುತ್ತಾರೆ. ನಿಂತ ಬೆಳೆಗೆ ಯೂರಿಯಾ ಕೊಡುವುದಕ್ಕೆ ಅದು ಒಪ್ಪುವ ಮಾತು. ಆದರೆ ಗಾಲ್ಫ್ ಗ್ರೀನ್‌ಗೆ (ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲುಹಾಸಿಗೆ) ಹಾಕುವುದು ಹೆಚ್ಚಾಗಿ ಮರಳು. ಚೆಂಡು ತಡೆಯಿಲ್ಲದೆ ಉರುಳಲೆಂದು ಅಲ್ಲಿ ಹುಲ್ಲನ್ನು 3-4 ಮಿಲಿಮೀಟರಿಗೆ ಕತ್ತರಿಸುತ್ತಾರೆ. ಅಷ್ಟು ಗಿಡ್ಡ ಹುಲ್ಲಿನಲ್ಲಿ ನೆಲದ ಸಣ್ಣ ತಗ್ಗೂ ಚೆಂಡಿನ ದಾರಿ ತಪ್ಪಿಸುತ್ತದೆ. ಅದಕ್ಕೇ ಜರಡಿ ಹಿಡಿದ ಒಣ ಮರಳನ್ನು ತೆಳುವಾಗಿ ಎರಚಿ, ಎಸಳುಗಳ ನಡುವೆ ಇಳಿಯುವಂತೆ ಬ್ರಷ್ ಎಳೆಯುತ್ತಾರೆ. ಗಾಳಿಯಾಡಲೆಂದು ಟೊಳ್ಳು ಮೊಳೆಗಳ ಯಂತ್ರದಿಂದ ನೆಲಕ್ಕೆ ತೂತು ಹಾಕಿದಾಗ ಅವನ್ನು ತುಂಬುವುದೂ ಇದೇ ಮರಳಿನಿಂದ. ‘ಮೇಲುಗೊಬ್ಬರ’ ಎಂದು ಓದಿದವನು ಅಷ್ಟೇ ಯೂರಿಯಾ ಎರಚಿದರೆ ಗ್ರೀನ್ ಸುಟ್ಟುಹೋಗುತ್ತದೆ!

‘ಮರಳು ಹೊದಿಕೆ’ಯೂ ಒಗ್ಗುವುದಿಲ್ಲ, ನಿಜಕ್ಕೂ ಹೊದಿಸಿಬಿಟ್ಟರೆ ಹುಲ್ಲು ಬಿಸಿಲು ಕಾಣದೆ ಸಾಯುತ್ತದೆ. ‘ಮರಳು ಹೊಡೆಸುವುದು’ ಎಂದರೆ ಲಾರಿಯಲ್ಲಿ ತಂದು ಸುರಿಸುವುದು ನೆನಪಾಗುತ್ತದೆ. ‘ನೀರುಣಿಸು’ ಇರುವಂತೆ ‘ಮರಳುಣಿಸು’ ಎಂದರೆ ಹೇಗೆ? ಸ್ವಲ್ಪ ಸ್ವಲ್ಪವಾಗಿ, ಒಳಗಿಳಿಯುವಂತೆ ಕೊಡುವ ಅರ್ಥ ಅದರಲ್ಲಿದೆ. ನನ್ನ ಒಲವು ಅದರ ಕಡೆಗೇ.

ಎರಡನೆಯದು ‘ಥ್ಯಾಚ್’. ಹಸಿರು ಎಸಳಿಗೂ ಮಣ್ಣಿಗೂ ನಡುವೆ ಸತ್ತ ಕುಡಿ, ಬೇರುಗಳು ಹೆಣೆದುಕೊಂಡು ಕಟ್ಟುವ ಪದರವಿದು. ದಪ್ಪವಾದರೆ ನೀರು ಇಂಗುವುದಿಲ್ಲ, ರೋಗ ಸೇರಿಕೊಳ್ಳುತ್ತದೆ. ನಿಘಂಟು ನೋಡಿದರೆ ಗುಡಿಸಲಿನ ಸೋಗೆ ಸಿಗುತ್ತದೆ. ‘ತರಗು’ ಎನ್ನೋಣವೆಂದರೆ ಅದು ಮೇಲೆ ಬಿದ್ದ ಒಣ ಎಲೆ, ಗುಡಿಸಿದರೆ ಹೋಗುತ್ತದೆ. ಇದನ್ನು ಅಲಗುಗಳಿಂದ ಸೀಳಿಯೇ ತೆಗೆಯಬೇಕು.

ಇದಕ್ಕೆ ನಮ್ಮಲ್ಲಿ ಮಾತು ಇದ್ದೇ ಇರಬೇಕು. ಗ್ರೀನ್‌ಗಳಲ್ಲಿ ಬೆಳೆಸುವ ಟಿಫ್‌ಡ್ವಾರ್ಫ್‌ನಂಥ ಬರ್ಮುಡಾ ಹುಲ್ಲಿನ ತಳಿಗಳು ನಮ್ಮ ಗರಿಕೆಗೂ ಆಫ್ರಿಕಾದ ಅದರ ದಾಯಾದಿಗೂ ಆದ ಸಂಕರದಿಂದ ಬಂದವು. ಗರಿಕೆಯೊಂದಿಗೆ ನಮ್ಮ ರೈತರ ಗುದ್ದಾಟ ಇಂದಿನದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ; ಅಷ್ಟು ಕಾಲದಿಂದ ಇಲ್ಲಿ ಹುಲ್ಲು ಬೆಳೆಸಿದ ಮಾಲಿಗಳ ಮಾತು ಅಚ್ಚಾದದ್ದನ್ನು ನಾನು ಕಂಡಿಲ್ಲ. ಅದು ದೊಡ್ಡ ಕೊರತೆ.

ಬದುವಿನ ಗರಿಕೆಯನ್ನು ಅಗೆಯುವಾಗ ಚಾಪೆಯಂತೆ ಎದ್ದು ಬರುವ ಆ ಪದರಕ್ಕೆ ನಿಮ್ಮ ಕಡೆ ಏನೆನ್ನುತ್ತಾರೆ? ಊರಿನ ಹೆಸರನ್ನೂ ಸೇರಿಸಿ ಬರೆಯಿರಿ. ಪರಿಚಯದ ಮಾಲಿಗಳನ್ನೋ ಕ್ರಿಕೆಟ್ ಮೈದಾನದ ಸಿಬ್ಬಂದಿಯನ್ನೋ ಕೇಳಿ ತಿಳಿಸಿದರೆ ಇನ್ನೂ ಉಪಕಾರ.