ಸಹಾಯ ಬೇಕು: ಹಳ್ಳಿಯ ಓದುವ ಕೋಣೆಗೆ ಹಸೆ ಚಿತ್ತಾರ, ಬಿದಿರು

ಎಲ್ಲರಿಗೂ ನಮಸ್ಕಾರ. ನಾನು ಇಂಟೀರಿಯರ್ ಡಿಸೈನ್ ಕೊನೆಯ ವರ್ಷದ ವಿದ್ಯಾರ್ಥಿನಿ. ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಹಳೇ ಓದುವ ಕೋಣೆಯನ್ನು ಪ್ರಾಜೆಕ್ಟ್‌ಗೆ ತಗೊಂಡಿದ್ದೇನೆ. ಸಂಜೆ ಹೊತ್ತು ಅಜ್ಜ ಅಜ್ಜಿಯರು, ಶಾಲೆ ಮುಗಿಸಿ ಬಂದ ಮಕ್ಕಳು ಒಟ್ಟಿಗೆ ಕೂರುವಂಥ ಜಾಗ ಆಗಬೇಕು ಅನ್ನೋದು ನನ್ನ ಆಸೆ.

ಒಳಗೆ ಜಗಲಿಯಂಥ ಕಟ್ಟೆ, ಕೆಂಪು ಗಾರೆ ನೆಲ, ಗಾಳಿ ಆಡೋಕೆ ಜಾಲಿ (ತೂತು ತೂತಿನ) ಗೋಡೆ. ಇಷ್ಟು ಹೆಚ್ಚುಕಡಿಮೆ ತೀರ್ಮಾನವಾಗಿದೆ. ನಾನು ಸಿಕ್ಕಿಹಾಕಿಕೊಂಡಿರುವುದು ಗೋಡೆಯ ವಿಷಯದಲ್ಲಿ. ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರ ಅಲ್ಲಿ ಬರಲೇಬೇಕು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಸುಮ್ನೆ ಸ್ಟಿಕ್ಕರ್ ಅಂಟಿಸೋದು ನನಗೆ ಇಷ್ಟವಿಲ್ಲ. ಬರೆದವರ ಕೈ ಅಲ್ಲಿ ಕಾಣಬೇಕು, ಅಲ್ವಾ? ಅವರಿಗೆ ಸರಿಯಾದ ಕೂಲಿಯೂ ಸಿಗಬೇಕು.

ಆದರೆ ಗೋಡೆ ಮಣ್ಣಿನದಲ್ಲ, ಸಿಮೆಂಟಿನದು. ಮಲೆನಾಡಿನ ಮಳೆಗಾಲದ ತೇವ ಬೇರೆ. ಸಿಮೆಂಟಿನ ಮೇಲೆ ಕೆಮ್ಮಣ್ಣು ನಿಲ್ಲಬೇಕಾದರೆ ಮೊದಲು ಏನು ಬಳಿಯಬೇಕು? ಅಕ್ಕಿ ಹಿಟ್ಟಿಗೆ ಬೂಸ್ಟು, ಹುಳ ಬರದ ಹಾಗೆ ನಿಮ್ಮ ಮನೆಯಲ್ಲಿ ಏನು ಮಾಡುತ್ತಿದ್ದರು? ಎಷ್ಟು ವರ್ಷಕ್ಕೊಮ್ಮೆ ಮತ್ತೆ ಬರೆಯುತ್ತಿದ್ದರು?

ಇನ್ನೊಂದು, ಪುಸ್ತಕದ ಕಪಾಟು ಬಿದಿರಿನದು. ಕುಟ್ಟೆ ಹುಳ ಹಿಡಿಯದಿರಲು ಬೊರಾಕ್ಸ್, ಬೋರಿಕ್ ಆಸಿಡ್ ನೀರಿನಲ್ಲಿ ನೆನೆಸುತ್ತಾರೆ ಅಂತ ಓದಿದ್ದೇನೆ. ಊರಲ್ಲೇ ಮಾಡಿ ನೋಡಿದವರು ಇದ್ದರೆ ದಯವಿಟ್ಟು ಅನುಭವ ಹೇಳಿ.

ಸಾಗರ, ಸೊರಬ ಕಡೆಯ ಹಿರಿಯರ ಮಾತು ನನಗೆ ತುಂಬಾ ಬೇಕು. ಹಳೇ ಮನೆಯ ಗೋಡೆಯ ಫೋಟೋ ಇದ್ದರೂ ಹಾಕಿ.