ಕಾಳುಮೆಣಸಿನ ರೇಟು, ಒಂಟಿ ಫೋಟಾನು
ಗೋಣಿಕೊಪ್ಪದ ವ್ಯಾಪಾರಿ ಜೊತೆ ಪೊನ್ನಪ್ಪಣ್ಣ ಫೋನಲ್ಲಿ ಕುದುರಿಸಿದ ಮೆಣಸಿನ ರೇಟು ಸಂಜೆಯೊಳಗೆ ಮಡಿಕೇರಿಗೆಲ್ಲ ಗೊತ್ತಾಗಿತ್ತು. ಫೋನನ್ನ ಯಾರೋ ಕದ್ದು ಕೇಳ್ತಿದ್ದಾರೆ ಅಂತ ಪೊನ್ನಪ್ಪಣ್ಣ ಹೋಟೆಲಿಗೆ ಬಂದವರೇ ರೇಗತೊಡಗಿದರು.

"ಕ್ವಾಂಟಮ್ ಲೈನ್ ಹಾಕಿಸ್ಕೊಳ್ಳಿ ಅಣ್ಣ," ಎಂದ ಗಿರೀಶ. ಬೆಂಗಳೂರು ಕಂಪನಿ, ಮನೆಯಿಂದಲೇ ಕೆಲಸ. ಕರೆಂಟ್ ಇದ್ದರೆ.

"ಏನದು?"

"ಬೆಳಕಿನ ಕಣ, ಅಂದ್ರೆ ಫೋಟಾನನ್ನ ಒಂದೊಂದಾಗಿ ಕಳಿಸೋದು. ಅದು ಅದುರೋ ದಿಕ್ಕಲ್ಲೇ ಸೊನ್ನೆ, ಒಂದು ಅಂತ ಬರೆಯೋದು: ನೆಟ್ಟಗೆ-ಅಡ್ಡ ದಿಕ್ಕಿನದ್ದು ಒಂದು ಜೋಡಿ, ಓರೆಗಳದ್ದು ಇನ್ನೊಂದು. 1984ರಲ್ಲಿ ಬೆನೆಟ್, ಬ್ರಸಾರ್ ಅನ್ನೋರು ಕೊಟ್ಟ ಉಪಾಯ. ಕಳ್ಳನಿಗೆ ಯಾವ ಜೋಡಿ ಅಂತ ಗೊತ್ತಿರಲ್ಲ, ಊಹೆ ಮೇಲೆ ಅಳೀಬೇಕು. ಅರ್ಧ ಸಲ ತಪ್ಪುತ್ತೆ, ತಪ್ಪಿದ್ರೆ ಫೋಟಾನೇ ಬದಲಾಗುತ್ತೆ, ಅದರಲ್ಲಿ ಅರ್ಧ ನಿಮಗೆ ತಪ್ಪಾಗಿ ಸಿಗುತ್ತೆ. ಎಲ್ಲಾನೂ ಕದ್ದು ನೋಡಿದ್ರೆ, ನೀವಿಬ್ರೂ ಒಂದೇ ಜೋಡಿ ಬಳಸಿದ ಕಡೆಗಳಲ್ಲಿ ನೂರಕ್ಕೆ 25 ತಪ್ಪು. ಒಂದಷ್ಟು ತಾಳೆ ನೋಡಿದ್ರೆ ಸಿಕ್ಕಿಬೀಳ್ತಾನೆ."

"ಯಾರು ಅಂತ ಹೇಳುತ್ತಾ?"

"ಇಲ್ಲ. ಯಾರೋ ಕೇಳಿದ್ದಾರೆ ಅಂತ ಅಷ್ಟೇ."

"ಅದು ನಂಗೆ ಈಗಲೂ ಸಂಜೆಗೆ ಗೊತ್ತಾಗುತ್ತಲ್ಲೋ ಮಾರಾಯ!"

ನ್ಯಾಯವಾದ ಮಾತೇ. ಗಿರೀಶ ಬಿಡಲಿಲ್ಲ. "ಫೋಟಾನಲ್ಲಿ ಹೋಗೋದು ರೇಟಲ್ಲ, ಬರೀ ಕೀ, ಅಂದ್ರೆ ರೇಟಿಗೆ ಬೀಗ ಹಾಕೋ ಗುಟ್ಟಿನ ಅಂಕಿಗಳು. ಕೀ ಹಾಳಾಗಿದ್ರೆ ಎಸೆದು ಹೊಸದು ಮಾಡೋದು. ಆಮೇಲೆ ರೇಟು."

ಚಹಾ ತಂದ ರಫೀಕ್ ಕೇಳಿದ, "ಜೆರಾಕ್ಸ್ ಇಟ್ಕೊಂಡು ಒರಿಜಿನಲ್ ಮುಂದಕ್ಕೆ ಕಳಿಸಿದ್ರೆ?" ಅಂದು ಬಂದ ಪ್ರಶ್ನೆಗಳಲ್ಲಿ ಇದೇ ಒಳ್ಳೇದು.

"ಗೊತ್ತಿಲ್ಲದ ಫೋಟಾನಿಗೆ ತಪ್ಪಿಲ್ಲದ ಜೆರಾಕ್ಸ್ ಆಗೋದೇ ಇಲ್ಲ. ಪ್ರಕೃತಿನೇ ಬಿಡಲ್ಲ. ಅದಕ್ಕೇ ದಾರೀಲಿ ಸಿಗ್ನಲ್ ಜೋರು ಮಾಡೋಕೂ ಆಗಲ್ಲ. ಇಲ್ಲಿಂದ ಮೈಸೂರಿಗೆ ಫೈಬರ್ ಎಳೆದ್ರೆ ಸಾವಿರಕ್ಕೆ ನಾಲ್ಕೋ ಐದೋ ಫೋಟಾನ್ ತಲುಪುತ್ತೆ."

"ಅದು ಲೈನ್ ಮೇಲೆ ಮರ ಬೀಳೋಕ್ ಮುಂಚಿನ ಲೆಕ್ಕ," ಎಂದರು ಮೇಷ್ಟ್ರು.

"ಗಾಳೀಲೂ ಕಳಿಸ್ಬಹುದು. ಇಸ್ರೋದವರು 2021ರಲ್ಲಿ ಅಹಮದಾಬಾದಲ್ಲಿ 300 ಮೀಟರ್ ಕಳಿಸಿ ತೋರಿಸಿದ್ರು."

"ಅಹಮದಾಬಾದು ಬಿಡು. ಇಲ್ಲಿನ ಮಂಜಲ್ಲಿ ಎದುರಿಗೆ ಬರೋ ಬಸ್ಸೇ ಕಾಣಲ್ಲ, ನಿನ್ನ ಒಂಟಿ ಫೋಟಾನ್ ಎಲ್ಲಿ ಕಾಣುತ್ತೆ?"

ಮೇಷ್ಟ್ರು ಕನ್ನಡಕ ಒರೆಸಿದರು. "ಮೊದಲನೇ ಮಿಷನ್ ಕಥೆ ಗೊತ್ತಾ? 1989ರಲ್ಲಿ ಆ ಬೆನೆಟ್, ಬ್ರಸಾರ್ ತಂಡದವರೇ ಕಟ್ಟಿದ್ದು. ಫೋಟಾನ್ ಹೋಗಿದ್ದು ಬರೀ 32 ಸೆಂಟಿಮೀಟರ್. ಆದ್ರೆ ಫೋಟಾನ್ ಅದುರೋ ದಿಕ್ಕು ಬದಲಿಸೋ ಸಾಧನಕ್ಕೆ ಕರೆಂಟ್ ಕೊಡೋ ಪೆಟ್ಟಿಗೆ ಒಂದೊಂದು ದಿಕ್ಕಿಗೆ ಒಂದೊಂದು ಥರ ಸದ್ದು ಮಾಡ್ತಿತ್ತಂತೆ! ಕಳ್ಳ ಕಿವುಡನಾಗಿದ್ರೆ ಮಾತ್ರ ಭದ್ರ ಅಂತ ಬ್ರಸಾರ್ ಅವರೇ ತಮಾಷೆ ಮಾಡಿದ್ದಾರೆ."

ಪೊನ್ನಪ್ಪಣ್ಣ ಬಿದ್ದೂ ಬಿದ್ದೂ ನಕ್ಕರು. ಅಷ್ಟರಲ್ಲಿ ಪಕ್ಕದ ಟೇಬಲ್ಲಿನಲ್ಲಿ ಇಷ್ಟೊತ್ತೂ ಪೇಪರ್ ಓದುತ್ತಿದ್ದ ಆಸಾಮಿ ತಲೆ ಎತ್ತಿದ.

"ಸಾರ್, ಎಷ್ಟು ಸೆಂಟಿಮೀಟರ್ ಅಂದ್ರಿ?"