ಡ್ರಮ್ಸ್: ಕಿಕ್ ಸೇರಿಸಿದ ಕೂಡಲೇ ಬಲಗೈ ತಪ್ಪುತ್ತಿದೆ, ಏನು ಮಾಡಲಿ?

ತಾಳತಪ್ಪಿದವ:
ಗುರುಗಳಿಲ್ಲದೆ ವಿಡಿಯೊ ನೋಡಿಕೊಂಡು ಡ್ರಮ್ಸ್ ಕಲಿಯುತ್ತಿದ್ದೇನೆ. ಐದು ಪೀಸಿನ ಅಕೂಸ್ಟಿಕ್ ಕಿಟ್, 5ಎ ಸ್ಟಿಕ್. ಹೈ-ಹ್ಯಾಟ್ (ಜೋಡಿ ತಟ್ಟೆ) ಮೇಲೆ ಎಂಟು ಏಟು, ಎರಡು-ನಾಲ್ಕಕ್ಕೆ ಸ್ನೇರ್ (ಎಡಗೈಯಿಂದ ಬಾರಿಸುವ ಡ್ರಮ್), ಒಂದು-ಮೂರಕ್ಕೆ ಕಿಕ್ (ಕಾಲಿನ ಪೆಡಲಿನಿಂದ ಬಾರಿಸುವ ದೊಡ್ಡ ಡ್ರಮ್), ಈ ಸಾದಾ ಬೀಟ್ 80 ಬಿಪಿಎಂನಲ್ಲಿ (ನಿಮಿಷಕ್ಕೆ 80 ಎಣಿಕೆ) ಸಲೀಸಾಗಿ ಬರುತ್ತದೆ. ಎರಡರ ನಂತರದ 'ಆ್ಯಂಡ್'ಗೆ (ಎರಡು ಮತ್ತು ಮೂರರ ನಡುವಿನ ಅರ್ಧ ಎಣಿಕೆಗೆ) ಇನ್ನೊಂದು ಕಿಕ್ ಸೇರಿಸಿದರೆ ಮಾತ್ರ ಬಲಗೈ ನಿಂತುಬಿಡುತ್ತದೆ, ಇಲ್ಲವೇ ಎಡಗೈಯೂ ಜೊತೆಗೆ ಬಿದ್ದುಬಿಡುತ್ತದೆ. ಅದರ ಹಿಂದೆಯೇ ಬರುವ ಮೂರರ ಕಿಕ್ ತಡವಾಗುತ್ತದೆ. ಫಿಲ್ (ಬೀಟ್ ನಡುವೆ ತುಂಬುವ ಏಟುಗಳ ಸಾಲು) ಮುಗಿಸಿ ವಾಪಸ್ ಬರುವಾಗ ಕ್ರ್ಯಾಶ್ (ದೊಡ್ಡ ತಟ್ಟೆಯ ಏಟು) ಯಾವಾಗಲೂ ಟಿಕ್ ಎಂದು ತಾಳ ಕೊಡುವ ಮೆಟ್ರೊನೋಮ್‌ಗಿಂತ ಮುಂಚೆ. 100 ದಾಟಿದರೆ ಮುಂಗೈ ಬಿಗಿಯುತ್ತದೆ. ಯಾವುದನ್ನು ಮೊದಲು ಸರಿಮಾಡಿಕೊಳ್ಳಲಿ?

ಕಿಕ್ಕು_ಸ್ನೇರು:
ಮೊದಲು ಆ ಬೀಟ್. ಕೈಕಾಲು ನಾಲ್ಕೂ ಒಂದಕ್ಕೊಂದು ಸಂಬಂಧವಿಲ್ಲದೆ ಓಡಬೇಕು ಅಂದುಕೊಂಡರೆ ತಲೆ ಕೆಡುತ್ತದೆ. ಯಾವ ಎಣಿಕೆಗೆ ಯಾವುದರ ಜೊತೆ ಯಾವುದು ಬೀಳುತ್ತದೆ, ಅಷ್ಟು ಗೊತ್ತಿದ್ದರೆ ಸಾಕು. ನಿಮ್ಮ ಬೀಟನ್ನು ಬಿಡಿಸಿದರೆ ಹೀಗೆ:

ಒನ್: ಬಲಗೈ + ಕಾಲು
ಆ್ಯಂಡ್: ಬಲಗೈ
ಟೂ: ಬಲಗೈ + ಎಡಗೈ
ಆ್ಯಂಡ್: ಬಲಗೈ + ಕಾಲು
ತ್ರೀ: ಬಲಗೈ + ಕಾಲು
ಆ್ಯಂಡ್: ಬಲಗೈ
ಫೋರ್: ಬಲಗೈ + ಎಡಗೈ
ಆ್ಯಂಡ್: ಬಲಗೈ

ಇರುವುದು ಮೂರೇ ಬಗೆಯ ಏಟು. ಕಾಲು ಒಂಟಿಯಾಗಿ ಎಲ್ಲೂ ಬೀಳುವುದಿಲ್ಲ, ಬಲಗೈ ಎಲ್ಲೂ ನಿಲ್ಲುವುದಿಲ್ಲ. ನೀವು ಎಡವುತ್ತಿರುವುದು 'ಟೂ' ಮುಗಿದು 'ಆ್ಯಂಡ್'ಗೆ ಹೋಗುವಲ್ಲಿ. ಬಲಗೈಯ ಜೊತೆಗಾರ ಅಲ್ಲಿ ಬದಲಾಗುತ್ತದೆ. ಆದ್ದರಿಂದ ಇಡೀ ಬೀಟ್ ಈಗ ಬೇಡ. ಮೆಟ್ರೊನೋಮ್ ಆಫ್ ಮಾಡಿ, 'ಟೂ-ಆ್ಯಂಡ್-ತ್ರೀ' ಮೂರೇ ಏಟು ಬಾರಿಸಿ ನಿಲ್ಲಿಸಿ. ಮತ್ತೆ ಅದೇ ಮೂರು. ಕೈ ಕಾಲು ಒಟ್ಟಿಗೆ ಬಿದ್ದರೆ ಒಂದೇ ಸದ್ದು ಕೇಳುತ್ತದೆ, 'ಧಡ್'. ಕಾಲು ಹಿಂದೆ ಬಿದ್ದರೆ 'ಟಿ-ಧಡ್' ಎಂದು ಎರಡಾಗಿ ಒಡೆಯುತ್ತದೆ. ಆ ಒಡಕು ಹೋಗುವವರೆಗೂ ಮುಂದಕ್ಕೆ ಹೋಗಬೇಡಿ. ಆಮೇಲೆ 'ಒನ್'ನಿಂದ ಶುರುಮಾಡಿ 'ತ್ರೀ'ಗೆ ನಿಲ್ಲಿಸಿ. ಅದು ಕೂತ ಮೇಲೆ ಪೂರ್ತಿ ಸುತ್ತು, 50 ಬಿಪಿಎಂನಲ್ಲಿ.

ಬಾಯಿಬಿಟ್ಟು ಎಣಿಸುತ್ತಲೇ ಬಾರಿಸಿ. ಮನಸ್ಸಿನಲ್ಲಿ ಎಣಿಸುತ್ತೇನೆ ಅನ್ನುವವರ ಎಣಿಕೆ ಕಷ್ಟದ ಜಾಗದಲ್ಲೇ ಸದ್ದಿಲ್ಲದೆ ಮಾಯವಾಗುತ್ತದೆ.

ಸಿಂಗಲ್_ಸ್ಟ್ರೋಕ್:
ಮುಂಗೈ ಬಿಗಿಯುವುದರ ಬಗ್ಗೆ. ಬಹುತೇಕ ಹಿಡಿತದ್ದೇ ತಕರಾರು. 5ಎ ಸ್ಟಿಕ್ ಸುಮಾರು 16 ಇಂಚು ಇರುತ್ತದೆ. ಹಿಂತುದಿಯಿಂದ ಐದು ಇಂಚಿನ ಆಸುಪಾಸಿನಲ್ಲಿ ಹೆಬ್ಬೆರಳು-ತೋರುಬೆರಳಿನ ನಡುವೆ ಹಿಡಿದು, ಉಳಿದ ಮೂರು ಬೆರಳು ಸಡಿಲ ಬಿಟ್ಟು, ತುದಿಯನ್ನು ಅಭ್ಯಾಸದ ರಬ್ಬರ್ ಪ್ಯಾಡ್ ಮೇಲೆ ಸುಮ್ಮನೆ ಬೀಳಿಸಿ. ಏಳೆಂಟು ಸಲ ತಾನಾಗಿ ಪುಟಿಯಬೇಕು. ಎರಡು-ಮೂರಕ್ಕೇ ಸತ್ತುಹೋದರೆ ಹಿಡಿದ ಜಾಗ ತಪ್ಪಿದೆ ಅಥವಾ ಬೆರಳು ಹಿಂಡುತ್ತಿವೆ. ಅರ್ಧ ಇಂಚು ಹಿಂದೆ ಮುಂದೆ ಜರುಗಿಸಿ ನೋಡಿ.

ಬಾರಿಸುವಾಗಲೂ ಅಷ್ಟೇ, ಏಟು ಬಿದ್ದ ಸ್ಟಿಕ್ ತಾನೇ ಹೊರಟ ಎತ್ತರಕ್ಕೆ ಮರಳಬೇಕು. ನೀವೇ ಎತ್ತುತ್ತಿದ್ದರೆ ಒಂದು ಏಟಿಗೆ ಎರಡು ಕೆಲಸ, 100ರ ಮೇಲೆ ಮುಂಗೈ ಸೋಲುವುದು ಅದಕ್ಕೇ. ದಿಂಬಿನ ಮೇಲೆ ಬಾರಿಸಿ ಕೈ ಗಟ್ಟಿಮಾಡಿಕೊಳ್ಳಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನಿಮ್ಮಂಥ ಬಿಗಿ ಹಿಡಿತದವರಿಗೆ ಈಗ ಅದು ಬೇಡ. ದಿಂಬಿನಲ್ಲಿ ಪುಟಿತವೇ ಇಲ್ಲ, ಹಿಂಡುವ ಚಟ ಹೆಚ್ಚುತ್ತದೆ. ಜುಮ್ಮೆನ್ನುವುದು, ಚುಚ್ಚುವ ನೋವು ಬಂದರೆ ಅಲ್ಲೇ ನಿಲ್ಲಿಸಿ.

ಪರ್ಕಸಿವ್ ಆರ್ಟ್ಸ್ ಸೊಸೈಟಿಯ ಪಟ್ಟಿಯಲ್ಲಿ 40 ರೂಡಿಮೆಂಟ್‌ಗಳಿವೆ (ಕೈ ಏಟಿನ ಮೂಲ ಪಾಠಗಳು). ಸದ್ಯಕ್ಕೆ ಸಿಂಗಲ್ (ಬಲ-ಎಡ-ಬಲ-ಎಡ), ಡಬಲ್ (ಬಲ-ಬಲ-ಎಡ-ಎಡ), ಪ್ಯಾರಡಿಡಲ್ (ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ) ಮೂರು ಸಾಕು. ಎಡಗೈಯಿಂದ ಶುರುಮಾಡಿಯೂ ಬಾರಿಸಿ.

ಫಿಲ್ ಓಡುವುದಕ್ಕೆ ಕಾರಣ: ಬೀಟ್‌ನಲ್ಲಿ ಒಂದು ಎಣಿಕೆಗೆ ಎರಡು ಏಟು, ಫಿಲ್‌ನಲ್ಲಿ ನಾಲ್ಕು. ಬಾಯಲ್ಲಿ ಲೆಕ್ಕ ಬದಲಾಗದಿದ್ದರೆ ಕೈ ತನಗೆ ತೋಚಿದ ವೇಗ ಹಿಡಿಯುತ್ತದೆ. ಎಣಿಕೆಗೊಂದು 'ತಕದಿಮಿ' ಹೇಳಿಕೊಳ್ಳಿ, ಫಿಲ್ ಉದ್ದಕ್ಕೂ ಪ್ರತಿ ಎಣಿಕೆಗೆ ಕಿಕ್ ತಪ್ಪಿಸದೆ ಹಾಕಿ. ಮೂರು ಬಾರ್ (ನಾಲ್ಕು ಎಣಿಕೆಯ ಸುತ್ತು) ಬೀಟ್, ಒಂದು ಬಾರ್ ಫಿಲ್. ಹದಿನಾರೂ ಏಟು ಮೊದಲು ಸ್ನೇರ್ ಮೇಲೇ ಇರಲಿ. ಕ್ರ್ಯಾಶ್ ಸರಿಯಾಗಿ ಒಂದಕ್ಕೆ ಬೀಳತೊಡಗಿದ ಮೇಲೆ ಟಾಮ್‌ಗಳಿಗೆ (ಕಿಟ್‌ನ ಉಳಿದ ಡ್ರಮ್‌ಗಳಿಗೆ) ಹಂಚಿ. ಪರೀಕ್ಷೆಗೆ ಮೆಟ್ರೊನೋಮನ್ನು 40ಕ್ಕೆ ಇಟ್ಟು ಅದರ ಟಿಕ್‌ಗಳನ್ನು ಎರಡು ಮತ್ತು ನಾಲ್ಕು ಅಂತ ಭಾವಿಸಿ 80ರಲ್ಲಿ ಬಾರಿಸಿ. ಓಡಿದರೆ ತಕ್ಷಣ ಸಿಕ್ಕಿಬೀಳುತ್ತೀರಿ.

ಪೆಡಲ್_ರಿಪೇರಿ:
ಎಲ್ಲವನ್ನೂ ಅಭ್ಯಾಸದ ತಲೆಗೆ ಕಟ್ಟಬೇಡಿ, ಕಿಟ್ ಕೂಡ ನೋಡಿಕೊಳ್ಳಿ. ಮೂರರ ಕಿಕ್ ತಡ ಅಂದಿರಲ್ಲ, ಆ ಜಾಗದಲ್ಲಿ ಎರಡು ಕಿಕ್ ಬೆನ್ನಿಗೆ ಬೆನ್ನು ಬರುತ್ತವೆ. ಮೊದಲನೆಯದಕ್ಕೆ ಬೀಟರ್ ಅನ್ನು (ಪೆಡಲಿನ ಸುತ್ತಿಗೆ) ಹೆಡ್‌ಗೆ (ಡ್ರಮ್ಮಿನ ಹೊದಿಕೆ) ಒತ್ತಿ ಹಿಡಿದರೆ, ಎರಡನೆಯದಕ್ಕೆ ಅದನ್ನು ಮೊದಲು ಬಿಡಿಸಬೇಕು. ತಡ ಅಲ್ಲೇ ಆಗುತ್ತದೆ. ಒಂದೇ ಕಿಕ್ ಹೊಡೆದು ಬಗ್ಗಿ ನೋಡಿ, ಬೀಟರ್ ಹಿಂದಕ್ಕೆ ಬಂದಿದೆಯೇ?

ಹೈ-ಹ್ಯಾಟ್ ಸ್ನೇರ್‌ಗಿಂತ 15-20 ಸೆಂ.ಮೀ. ಮೇಲಿರಲಿ. ತಗ್ಗಾಗಿದ್ದರೆ 'ಟೂ'ಗೆ ಎಡಗೈ ಎತ್ತುವಾಗ ಬಲಗೈಗೆ ಅಡ್ಡ ಬಂದು ಅದು ತಡವರಿಸುತ್ತದೆ. ಸೀಟು ಸೊಂಟ ಮಂಡಿಗಿಂತ ತುಸು ಮೇಲಿರುವಷ್ಟು ಎತ್ತರ. ತಗ್ಗಾದರೆ ಪ್ರತಿ ಕಿಕ್‌ಗೂ ಇಡೀ ತೊಡೆ ಎತ್ತಬೇಕಾಗುತ್ತದೆ. ಸ್ನೇರ್‌ನ ರಿಮ್ ತೊಡೆಗಿಂತ ಒಂದೆರಡು ಇಂಚು ಮೇಲೆ.

ಕೇಳದಿದ್ದರೂ ಹೇಳುತ್ತೇನೆ: ಕಿವಿಗೆ ಪ್ಲಗ್ ಅಥವಾ ಮಫ್ ಹಾಕಿ. ಸುರಕ್ಷತೆಯ ಲೆಕ್ಕದಲ್ಲಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬಲ್ ಏರಿಕೆಗೆ ಅವಧಿ ಅರ್ಧ. 100ಕ್ಕೆ ಉಳಿಯುವುದು 15 ನಿಮಿಷ. ಮುಚ್ಚಿದ ಕೋಣೆಯಲ್ಲಿ ಕಿಟ್ 100 ದಾಟುವುದು ಕಷ್ಟವೇನಲ್ಲ.

ತಾಳತಪ್ಪಿದವ:
ನೋಡಿದೆ, ಬೀಟರ್ ಹೆಡ್‌ಗೆ ಅಂಟಿಕೊಂಡೇ ನಿಲ್ಲುತ್ತಿದೆ. ಸ್ಪ್ರಿಂಗ್ ಬಿಗಿ ಮಾಡಿದರೆ ಆಗುತ್ತಾ?

ಪೆಡಲ್_ರಿಪೇರಿ:
ಈಗಲೇ ಬೇಡ. ಹಿಮ್ಮಡಿ ಪೆಡಲ್ ಮೇಲೆ ಊರಿಕೊಂಡು ಪಾದದಿಂದಷ್ಟೇ ನಿಧಾನಕ್ಕೆ ಹೊಡೆಯಿರಿ, ಬೀಟರ್ ತಾಕಿದ ಕೂಡಲೇ ಪಾದ ಸಡಿಲ ಬಿಡಿ. ಹಾಗೆ ಮಾಡಿದಾಗ ಬೀಟರ್ ಚುರುಕಾಗಿ ಹಿಂದಕ್ಕೆ ಬಂದರೆ ಸ್ಪ್ರಿಂಗ್ ಸರಿಯಾಗಿದೆ, ಒತ್ತುತ್ತಿರುವುದು ಕಾಲು. ಸೋಮಾರಿಯಂತೆ ಬಂದರೆ ಮಾತ್ರ ಸ್ಪ್ರಿಂಗಿನ ನಟ್ಟನ್ನು ಅರ್ಧ ಸುತ್ತು ಬಿಗಿಮಾಡಿ ಮತ್ತೆ ನೋಡಿ. ಒಮ್ಮೆಲೇ ಮೂರು-ನಾಲ್ಕು ಸುತ್ತು ಹಾಕಿದರೆ ಕಾಲಿನ ಸ್ನಾಯು ಹಿಡಿದುಕೊಳ್ಳುತ್ತದೆ. ಆಮೇಲೆ ಲಾಕ್ ನಟ್ ಬಿಗಿಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಬಾರಿಸುತ್ತ ಬಾರಿಸುತ್ತ ತಾನೇ ಸಡಿಲವಾಗುತ್ತದೆ.